ಮೊದಲು ರೋಸ್ಟರ್ ಕೇಳಿ, ಆಮೇಲೆ ಸಂಬಳ

ಸಕಲೇಶಪುರ, ಆಲೂರು ಸೀಮೆಯ ಬೀಗರೂಟಗಳಲ್ಲಿ ಈಚೆಗೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: "ಅವರ ಹುಡುಗ ಬೆಂಗಳೂರಲ್ಲಿ ಪೈಲಟ್ ಆಗಿದ್ದ, ಈಗ ದುಬೈ ಕಂಪನಿಗೆ ಸೇರ್ಕೊಂಡ. ಟ್ಯಾಕ್ಸ್ ಇಲ್ವಂತೆ, ಮನೇನೂ ಅವರೇ ಕೊಡ್ತಾರಂತೆ. ಹತ್ತು ವರ್ಷ ದುಡುದ್ರೆ ಬಂದು ಐವತ್ತು ಎಕರೆ ತೋಟ ತಗೋತಾನೆ ಬಿಡಿ." ಕೇಳಿದವರೆಲ್ಲ ಹೌದೌದು ಎನ್ನುತ್ತಾರೆ. ಇಲ್ಲೇ ವಿಮಾನ ಹಾರಿಸಿಕೊಂಡಿರುವ ಹುಡುಗನ ಅಪ್ಪ ಅದೇ ಪಂಕ್ತಿಯಲ್ಲಿದ್ದರೆ, ತನ್ನ ಮಗನಿಗೆ ಏನೋ ಕೈಗೂಡಲಿಲ್ಲ ಎಂಬಂತೆ ಎಲೆ ನೋಡಿಕೊಂಡು ಊಟ ಮುಗಿಸುತ್ತಾನೆ.

ಈ ಮಾತಿಗೆ ನಮ್ಮಲ್ಲಿ ಯಾರೂ ಎದುರಾಡುವುದಿಲ್ಲ. ನಾನು ಆಡುತ್ತೇನೆ. ಹೊರದೇಶದ ವಿಮಾನ ಕಂಪನಿಗೆ ಯಾರೂ ಹೋಗಕೂಡದು ಎಂದು ನಾನು ಹೇಳುತ್ತಿಲ್ಲ. ಹೋಗಬೇಕೋ ಬೇಡವೋ ಎಂಬುದನ್ನು ಸಂಬಳದ ಅಂಕಿಯೊಂದನ್ನೇ ಹಿಡಿದು ತೀರ್ಮಾನಿಸುವುದು, ಮಿಕ್ಕಿದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಂಬುವುದು ಶುದ್ಧ ತಪ್ಪು. ಆ ತಪ್ಪಿನ ಬೆಲೆ ತೆರುವವರು ಪಂಕ್ತಿಯಲ್ಲಿ ಕೂತು ಮಾತಾಡಿದ ಹಿರಿಯರಲ್ಲ. ಮೂವತ್ತರ ಹುಡುಗ, ಅವನ ಹೆಂಡತಿ, ಅವರ ಮಗು.

ಈ ಕಸುಬಿನ ಆಸೆ ನಮ್ಮ ಗುಡ್ಡಗಳಲ್ಲಿ ಹುಟ್ಟಿದ್ದಕ್ಕೆ ಕಾರಣವಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ, ವಯಸ್ಸು 18, ವೈದ್ಯಕೀಯ ಪರೀಕ್ಷೆ, ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ನಡೆಸುವ ಪರೀಕ್ಷೆಗಳು, 200 ಗಂಟೆ ಹಾರಾಟ. ಇಷ್ಟಾದರೆ ವಾಣಿಜ್ಯ ಪೈಲಟ್ ಲೈಸೆನ್ಸ್ ಕೈಗೆ ಬರುತ್ತದೆ. ಜಕ್ಕೂರಿನ ಸರ್ಕಾರಿ ಶಾಲೆಯಲ್ಲಿ ಕಲಿಯಲಿ, ಹೊರದೇಶದಲ್ಲಿ ಕಲಿಯಲಿ, ಆಮೇಲೆ ಏರ್‌ಬಸ್ 320ರಂಥ ವಿಮಾನಕ್ಕೆ ಬೇರೆಯೇ ಟೈಪ್ ರೇಟಿಂಗ್ ಆಗಬೇಕು. ಎಲ್ಲ ಸೇರಿದರೆ ಖರ್ಚು ಕೋಟಿಯ ಹತ್ತಿರ ಹೋಗುತ್ತದೆ. ಮೇಷ್ಟ್ರ ಮನೆಗೆ ಆಗದ ಮಾತು ಇದು. ತೋಟದವರ ಮನೆಯಲ್ಲಿ ಪಹಣಿ ಇದೆ, ಬ್ಯಾಂಕಿಗೆ ಅಡವಿಡಬಹುದು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದ ಮೇಲಂತೂ ವಿಮಾನದ ಮಾತು ಹಾಸನ ಜಿಲ್ಲೆಯ ಜಗಲಿಗಳಿಗೂ ಬಂತು. ಆ ಗೋಪಿನಾಥ್ ಸೈನ್ಯ ಬಿಟ್ಟು ಬಂದು ಜಾವಗಲ್ ಕಡೆಯ ಜಮೀನಿನಲ್ಲಿ ವರ್ಷಗಟ್ಟಲೆ ಬೇಸಾಯ ಮಾಡಿದವರು ಎಂಬುದನ್ನು ನಮ್ಮವರು ಮರೆತರು. ನೆನಪಿಟ್ಟುಕೊಂಡದ್ದು ವಿಮಾನವನ್ನು ಮಾತ್ರ.

ಸಾಲ ತಲೆ ಮೇಲಿದ್ದಾಗ ದೊಡ್ಡ ಸಂಬಳ ದೊಡ್ಡದಾಗಿಯೇ ಕಾಣುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ವಿದೇಶಿ ಕಂಪನಿಗಳು ಹೊಸಬರನ್ನು ಕರೆಯುವುದಿಲ್ಲ. ಜೆಟ್ ವಿಮಾನದಲ್ಲಿ ಸಾವಿರಾರು ಗಂಟೆ ಹಾರಿಸಿ ಪಳಗಿದವರೇ ಬೇಕು. ಹಾಗಾಗಿ ಆ ಕರೆ ಬರುವ ಹೊತ್ತಿಗೆ ಹುಡುಗನಿಗೆ ಇಪ್ಪತ್ತೆಂಟೋ ಮೂವತ್ತೋ ಆಗಿರುತ್ತದೆ. ಮದುವೆ ಹೊಸದು, ಮಗು ಕೈಗೂಸು, ಅಪ್ಪನಿಗೆ ಅರವತ್ತು ದಾಟಿ ಮಂಡಿನೋವು ಶುರುವಾಗಿರುತ್ತದೆ. ಬದುಕಿನಲ್ಲಿ ಮನುಷ್ಯ ಮನೆಗೆ ಅತಿ ಹೆಚ್ಚು ಬೇಕಾಗುವ ಹತ್ತು ವರ್ಷವನ್ನೇ ಈ ಕೆಲಸ ಕೇಳುತ್ತದೆ. "ಹತ್ತು ವರ್ಷ ದುಡಿದು ಬರಲಿ" ಎನ್ನುವವರು ಯಾವ ಹತ್ತು ವರ್ಷ ಎಂದು ಕೇಳುವುದೇ ಇಲ್ಲ.

ಟ್ಯಾಕ್ಸ್ ಇಲ್ಲ ಎಂಬ ಮಾತಿಗೆ ಕಾಫಿ ಬೆಳೆಗಾರರು ಮರುಳಾಗುವುದಂತೂ ನನಗೆ ಅರ್ಥವೇ ಆಗುವುದಿಲ್ಲ. ನಮ್ಮ ಕಣದಿಂದ ಪಾರ್ಚ್‌ಮೆಂಟ್ ಆಗಿಯೋ ಚೆರಿಯಾಗಿಯೋ ಮಾರಿದ ಕಾಫಿಯ ಆದಾಯ ಕೃಷಿ ಆದಾಯ. ಕೇಂದ್ರದ ಆದಾಯ ತೆರಿಗೆ ಅದನ್ನು ಮುಟ್ಟುವುದಿಲ್ಲ. ಬೆಳೆದವನೇ ಕ್ಯೂರಿಂಗ್ ಮಾಡಿ ಮಾರಿದರೆ ಶೇ 25, ಹುರಿದು ಪುಡಿಮಾಡಿ ಮಾರಿದರೆ ಶೇ 40ರಷ್ಟು ಭಾಗಕ್ಕೆ ಮಾತ್ರ ತೆರಿಗೆ. ಕೇಂದ್ರದ ಆದಾಯ ತೆರಿಗೆಯ ಕಾಟವಿಲ್ಲದ ದುಡಿಮೆಯಲ್ಲಿ ಎರಡು ಮೂರು ತಲೆಮಾರು ಬಾಳಿದ ಮನೆಗಳಿವು. ಬಿಳಿ ಕಾಂಡಕೊರಕ ಬಿದ್ದು ಅರೇಬಿಕಾ ಗಿಡಗಳನ್ನು ಬುಡಸಮೇತ ಕಿತ್ತು ಸುಟ್ಟ ವರ್ಷ, ಬೆಲೆ ನೆಲಕಚ್ಚಿದ ವರ್ಷ, ತೆರಿಗೆ ಇಲ್ಲದ್ದು ಯಾರ ಕಣ್ಣೀರು ಒರೆಸಿತು? ತೆರಿಗೆ ತೆಗೆದುಕೊಳ್ಳದ ದೇಶ ತಾನು ದುಡಿಸಿಕೊಂಡವನ ಮುಪ್ಪಿಗೂ ಹೊಣೆಯಾಗುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನದ ಕಾರ್ಮಿಕ ಕಾನೂನಿನಂತೆ ಹೊರಗಿನಿಂದ ಬಂದು ದುಡಿದವನಿಗೆ ಬಿಟ್ಟುಬರುವಾಗ ಸಿಗುವುದು ಗ್ರಾಚ್ಯುಟಿ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಸಂಬಳ. ಅದೂ ಮೂಲ ವೇತನದ ಮೇಲೆ, ಭತ್ಯೆ ಲೆಕ್ಕಕ್ಕಿಲ್ಲ.

ಎದುರು ಪಕ್ಷದ ಬಲವಾದ ಮಾತು ಇನ್ನೊಂದಿದೆ, ಅದನ್ನು ಮುಚ್ಚಿಟ್ಟು ವಾದಿಸಲಾರೆ. ಅಲ್ಲಿನ ದಿರ್ಹಮ್ ಡಾಲರಿಗೆ ಕಟ್ಟಿಹಾಕಿದ ಹಣ. ಒಂದು ಡಾಲರಿಗೆ 3.6725 ದಿರ್ಹಮ್ ಎಂಬ ದರ 1997ರಿಂದ ಅಲ್ಲಾಡಿಲ್ಲ. ರೂಪಾಯಿ ಮಾತ್ರ ಇಳಿಯುತ್ತ ಬಂತು. 2010ರಲ್ಲಿ ಒಂದು ದಿರ್ಹಮಿಗೆ ಹನ್ನೆರಡು ರೂಪಾಯಿಯ ಆಸುಪಾಸಿದ್ದದ್ದು ಈಗ ಸರಿಸುಮಾರು ಎರಡರಷ್ಟಾಗಿದೆ. ಅಂದರೆ ಅಲ್ಲಿ ಸಂಬಳ ಏರದಿದ್ದರೂ ಊರಿಗೆ ಕಳಿಸುವ ಹಣ ತಾನಾಗಿ ಉಬ್ಬುತ್ತದೆ. ಇದು ನಿಜ. ಆದರೆ ಈ ಲಾಭ ಸಿಗುವುದು ಉಳಿಸಿದ ದಿರ್ಹಮಿಗೆ. ಖರ್ಚಾದ ದಿರ್ಹಮಿಗೆ ದಿರ್ಹಮಿನ ಬೆಲೆಯೇ. ಮಗುವಿನ ಸ್ಕೂಲ್ ಫೀಸು, ಕಾರು, ವರ್ಷಕ್ಕೆರಡು ಸಲ ಊರಿಗೆ ಬಂದುಹೋಗುವ ಓಡಾಟ, ಒಂಟಿಯಾಗಿ ಮನೆ ನಡೆಸುವ ಹೆಂಡತಿಗೆ ಬೇಕಾಗುವ ಸಹಾಯ, ಎಲ್ಲ ಅಲ್ಲಿನ ದರದಲ್ಲೇ. ಹೊರಡುವಾಗ ಹೇಳಿದ ಸಂಬಳವನ್ನು ಇಪ್ಪತ್ತಮೂರು ಇಪ್ಪತ್ತನಾಲ್ಕರಿಂದ ಗುಣಿಸುವ ನಾವು ಖರ್ಚನ್ನೂ ಹಾಗೇ ಗುಣಿಸಿದ್ದನ್ನು ನಾನು ಕೇಳಿಲ್ಲ.

ಇನ್ನು ರೋಸ್ಟರ್, ಅಂದರೆ ತಿಂಗಳ ಡ್ಯೂಟಿ ಪಟ್ಟಿ. ಪೈಲಟ್ ಆದವನ ನಿಜವಾದ ಬದುಕು ಇರುವುದು ಆ ಪಟ್ಟಿಯಲ್ಲಿ, ಸಂಬಳದ ಚೀಟಿಯಲ್ಲಲ್ಲ. ನನ್ನ ದೊಡ್ಡಪ್ಪನ ಮೊಮ್ಮಗ ಕೊಲ್ಲಿಯ ಒಂದು ಕಂಪನಿಯಲ್ಲಿ ಫಸ್ಟ್ ಆಫೀಸರ್. ಹೋದ ಬೇಸಿಗೆಯಲ್ಲಿ ರಜಕ್ಕೆ ಬಂದಿದ್ದಾಗ ಫೋನಿನಲ್ಲಿ ತಿಂಗಳ ರೋಸ್ಟರ್ ತೆಗೆದು ತೋರಿಸಿದ. ಒಂದು ದಿನ ನಡುರಾತ್ರಿ 1.50ಕ್ಕೆ ರಿಪೋರ್ಟಿಂಗ್. ಬೆಳಕು ಹರಿಯುವ ಹೊತ್ತಿಗೆ ಭಾರತದ ಒಂದು ಊರು, ಅಲ್ಲಿ ಪ್ರಯಾಣಿಕರು ಇಳಿದು ಹತ್ತುವಷ್ಟು ಹೊತ್ತು ನಿಂತು ಮತ್ತೆ ವಾಪಸ್. ಮನೆ ಸೇರಿದಾಗ ಮಧ್ಯಾಹ್ನ. ಮಾರನೆಯ ದಿನ ಸ್ಟ್ಯಾಂಡ್‌ಬೈ: ಕೆಲಸವಿಲ್ಲ, ಆದರೆ ಫೋನ್ ಬಂದರೆ ಹೊರಡಬೇಕು, ಆದ್ದರಿಂದ ಊರು ಬಿಡುವಂತಿಲ್ಲ. ಅದರ ಮಾರನೆಯ ದಿನ ಪೂರ್ವಕ್ಕೆ ಎಂಟು ಗಂಟೆ ಹಾರಾಟ, ಹೋಟೆಲಿನಲ್ಲಿ ಒಂದು ಹಗಲು, ಮತ್ತೆ ರಾತ್ರಿಯಿಡೀ ಹಾರಿ ವಾಪಸ್. ಅವನ ಹೆಂಡತಿ ರಜೆಯ ದಿನಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಸಿರು ಬಣ್ಣದಲ್ಲಿ ಗುರುತು ಮಾಡಿಕೊಳ್ಳುತ್ತಾಳಂತೆ. ಆ ಹಸಿರು ದಿನದಲ್ಲೂ ಮಧ್ಯಾಹ್ನದ ತನಕ ಕಿಟಕಿಗೆ ದಪ್ಪ ಪರದೆ, ಮಗುವಿಗೆ "ಶ್ಶ್, ಅಪ್ಪ ಮಲಗಿದ್ದಾರೆ." ತಿಂಗಳಲ್ಲಿ ಮನೆಯವರ ಜೊತೆ ಎಚ್ಚರವಾಗಿ ಕೂರುವ ಹೊತ್ತು ಎಷ್ಟಪ್ಪ ಎಂದು ಕೇಳಿದೆ. ಸಂಬಳ ಕೇಳಿದಾಗ ಥಟ್ಟನೆ ಹೇಳಿದ್ದ ಹುಡುಗ ಇದಕ್ಕೆ ಫೋನ್ ಕೆಳಗಿಟ್ಟು ಯೋಚಿಸಿದ, "ಲೆಕ್ಕ ಹಾಕಿಲ್ಲ ಚಿಕ್ಕಪ್ಪ" ಅಂದ.

ರಾತ್ರಿ ಎರಡರಿಂದ ಬೆಳಗಿನ ಆರರ ತನಕ ಮನುಷ್ಯನ ದೇಹ ಅತಿ ಮಂದವಾಗಿರುವ ಹೊತ್ತು. ವಿಮಾನಯಾನದ ನಿಯಮಗಳೇ ಇದನ್ನು ಒಪ್ಪಿ ಆ ಹೊತ್ತಿನ ಡ್ಯೂಟಿಗೆ ಬೇರೆ ಮಿತಿ ಹಾಕಿವೆ. ಕೊಲ್ಲಿಯಿಂದ ನಮ್ಮ ದೇಶಕ್ಕೆ ಬರುವ ಎಷ್ಟೋ ವಿಮಾನಗಳು ಓಡುವುದು ಆ ಹೊತ್ತಿನಲ್ಲೇ. ಇದು ಬರೀ ಆಯಾಸದ ಮಾತಲ್ಲ ಎಂಬುದಕ್ಕೆ ಸಾಕ್ಷಿ ಶಿರಾಡಿ ಘಾಟಿಯ ಕೆಳಗೇ ಇದೆ. 2010ರ ಮೇ 22ರ ಬೆಳಗ್ಗೆ ಆರರ ಹೊತ್ತಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಕ್ಯಾಪ್ಟನ್ ಹೊರದೇಶದಿಂದ ಬಂದು ಇಲ್ಲಿ ಕೆಲಸ ಮಾಡುತ್ತಿದ್ದವರು. ಹಾರಾಟದ ನಡುವೆ ಅವರು ಒಂದೂವರೆ ಗಂಟೆಗೂ ಹೆಚ್ಚು ನಿದ್ದೆಹೋಗಿದ್ದರು, ಎದ್ದ ಮೇಲೂ ಆ ಮಂಪರು ಪೂರಾ ಬಿಟ್ಟಿರಲಿಲ್ಲ ಎಂದು ತನಿಖೆ ಕಂಡುಕೊಂಡಿತು. ಇಳಿಯುವುದು ಬೇಡ, ಮೇಲೇರೋಣ ಎಂದು ಸಹ ಪೈಲಟ್ ಹೇಳಿದ್ದು ಕಾಕ್‌ಪಿಟ್ ಧ್ವನಿಮುದ್ರಣದಲ್ಲಿದೆ. ಸತ್ತವರ ನೆನಪಿನ ಮುಂದೆ ನಿಂತು ಯಾರನ್ನೂ ದೂರುವ ಮನಸ್ಸಿಲ್ಲ. ಆದರೆ ತನ್ನ ನಾಡು ಬಿಟ್ಟು ಪರದೇಶದಲ್ಲಿ ರಾತ್ರಿ ವಿಮಾನ ಹಾರಿಸುವವನ ನಿದ್ದೆ ಅವನ ಸ್ವಂತ ವಿಷಯ ಎಂದು ಹೇಳುವವರು ಈ ತನಿಖಾ ವರದಿಯನ್ನು ಒಮ್ಮೆ ಓದಬೇಕು.

"ಇಲ್ಲೇನು ಸುಖ ಇದೆ?" ಎಂದು ನನ್ನನ್ನು ಕೇಳುತ್ತಾರೆ, ಕೇಳಲೇಬೇಕು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ಸಂಬಳ ಬಾಕಿ ಉಳಿಸಿಕೊಂಡು ಮನೆಗೆ ಬಂದ ಪೈಲಟ್‌ಗಳು ಅದೆಷ್ಟೋ. ನಿದ್ದೆಯ ವಿಷಯದಲ್ಲೂ ಇಲ್ಲಿನ ಕಂಪನಿಗಳು ಧರ್ಮರಾಯರಲ್ಲ. ಆದರೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಪಂಕ್ತಿಯಲ್ಲಿ ಯಾರೂ ಹೇಳುವುದಿಲ್ಲ. ಇಲ್ಲಿ ಪೈಲಟ್‌ಗಳಿಗೆ ಸಂಘವಿದೆ, ಕೋರ್ಟಿದೆ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿದ್ದು, ರಾತ್ರಿ ಇಳಿಸುವಿಕೆಯ ಮಿತಿ ವಾರಕ್ಕೆ ಆರರಿಂದ ಎರಡಕ್ಕೆ ಇಳಿದದ್ದು ಮೇಲಿನಿಂದ ಬಿದ್ದ ಪ್ರಸಾದವಲ್ಲ. ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಹಂತವಾಗಿ ಜಾರಿಗೆ ಬಂದದ್ದು. ಅದಕ್ಕೆ ಸರಿಯಾಗಿ ಪೈಲಟ್‌ಗಳನ್ನು ಹೊಂದಿಸಿಕೊಳ್ಳಲಾರದೆ ಡಿಸೆಂಬರಿನಲ್ಲಿ ಇಂಡಿಗೋ ಸಾವಿರಾರು ವಿಮಾನ ರದ್ದುಮಾಡಿತು, ಸರ್ಕಾರ ತಾತ್ಕಾಲಿಕ ವಿನಾಯಿತಿ ಕೊಟ್ಟಿತು, ದೇಶಕ್ಕೆ ದೇಶವೇ ಪೈಲಟ್‌ನ ನಿದ್ದೆಯ ಬಗ್ಗೆ ಮಾತಾಡಿತು. ಕಾರ್ಮಿಕ ಸಂಘಕ್ಕೇ ಅವಕಾಶವಿಲ್ಲದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಮ್ಮ ಹುಡುಗ ಈ ಜಗಳವನ್ನು ಯಾರ ಜೊತೆ ಸೇರಿ ಮಾಡುತ್ತಾನೆ? ದೊಡ್ಡ ಸಂಬಳದ ಒಂದು ಪಾಲು ಬಾಯಿ ಮುಚ್ಚಿಕೊಂಡಿರುವುದಕ್ಕೆ ಕೊಡುವ ಬೆಲೆ.

ಕೆಲಸ ಭದ್ರ ಎನ್ನುವವರಿಗೆ 2020 ಮರೆತುಹೋಗಿದೆ. ಕೋವಿಡ್‌ಗೆ ಮೊದಲು ಚೀನಾದ ಕಂಪನಿಗಳು ಹೊರಗಿನ ಕ್ಯಾಪ್ಟನ್‌ಗಳಿಗೆ ವರ್ಷಕ್ಕೆ ಮೂರು ಲಕ್ಷ ಡಾಲರ್ ತನಕ ಕೊಡುತ್ತಿದ್ದವು. ಕೋವಿಡ್ ಬಂದ ಕೂಡಲೇ ಸಂಬಳವಿಲ್ಲದ ರಜೆಗೆ ಮೊದಲು ಕಳಿಸಿದ್ದು ಅವರನ್ನೇ. ದುಬೈಯ ಎಮಿರೇಟ್ಸ್ ಮೂಲ ವೇತನವನ್ನು ಶೇ 25ರಿಂದ 50ರಷ್ಟು ಕಡಿದು, ಆಮೇಲೆ ಪೈಲಟ್‌ಗಳನ್ನು ತೆಗೆದೂ ಹಾಕಿತು. ಹಾಂಗ್‌ಕಾಂಗಿನ ಕ್ಯಾಥೇ ಪೆಸಿಫಿಕ್ ಅಕ್ಟೋಬರಿನಲ್ಲಿ ತನ್ನ ಕ್ಯಾಥೇ ಡ್ರ್ಯಾಗನ್ ಕಂಪನಿಯನ್ನೇ ಮುಚ್ಚಿ, ಉಳಿದ ಪೈಲಟ್‌ಗಳ ಮುಂದೆ ಕಡಿಮೆ ಸಂಬಳದ ಹೊಸ ಕರಾರು ಇಟ್ಟಿತು. ಕೆಟ್ಟ ಕಾಲದಲ್ಲಿ ಕಂಪನಿ ಹಾಗೆ ಮಾಡಿದ್ದು ಅನ್ಯಾಯವೋ ಅಲ್ಲವೋ ಬೇರೆ ಮಾತು. ಇಲ್ಲಿ ಕೆಲಸ ಹೋದವನಿಗೆ ಕೆಲಸ ಮಾತ್ರ ಹೋಗುತ್ತದೆ. ಅಲ್ಲಿ ವೀಸಾ ಕೆಲಸಕ್ಕೆ ಅಂಟಿದ್ದು, ಮನೆ ಕಂಪನಿಯದು, ಸ್ಕೂಲಿನ ಫೀಸು ಭತ್ಯೆಯಿಂದ ಕಟ್ಟಿದ್ದು. ಒಂದು ಪತ್ರ ಬಂದರೆ ಎಲ್ಲವೂ ಒಟ್ಟಿಗೇ ಕೈಬಿಡುತ್ತದೆ. "ಮನೆ ಅವರೇ ಕೊಡ್ತಾರೆ" ಎಂಬುದನ್ನು ನಾವು ಸೌಲಭ್ಯವೆಂದು ಹೇಳುತ್ತೇವೆ. ಲೈನ್‌ಮನೆಯಲ್ಲಿದ್ದ ಕೂಲಿಯವನು ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕಾಗಿದ್ದದ್ದನ್ನು ಕಣ್ಣಾರೆ ಕಂಡ ತೋಟದವರಿಗೆ, ಮನೆ ಕೊಟ್ಟವನ ಕೈಯಲ್ಲಿ ಏನಿರುತ್ತದೆ ಎಂದು ನಾನು ಹೇಳಿಕೊಡಬೇಕೇ?

ಈಗ ಆ ಐವತ್ತು ಎಕರೆ. ವಿದೇಶಿ ವಿನಿಮಯ ನಿರ್ವಹಣಾ ಕಾನೂನಿನ ಪ್ರಕಾರ ಅನಿವಾಸಿ ಭಾರತೀಯ ಈ ದೇಶದಲ್ಲಿ ಸೈಟು ಕೊಳ್ಳಬಹುದು, ಫ್ಲ್ಯಾಟ್ ಕೊಳ್ಳಬಹುದು; ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹೊರಡುವ ಮೊದಲೇ ಅವನದಾಗಿದ್ದರೆ ಇಟ್ಟುಕೊಳ್ಳಬಹುದು. ಅಪ್ಪ ತೀರಿಕೊಂಡ ಮೇಲೆ ವಾರಸುದಾರನಾಗಿ ಪಡೆಯಬಹುದು. ಅಪ್ಪ ಬದುಕಿದ್ದಾಗ ದಾನಪತ್ರ ಬರೆದುಕೊಟ್ಟರೂ ನಡೆಯುವುದಿಲ್ಲ. ತೋಟ ಕೊಳ್ಳುವುದಕ್ಕಾಗಿ ತೋಟ ಬಿಟ್ಟು ಹೋದವನಿಗೆ, ಅಲ್ಲಿ ದುಡಿಯುವಷ್ಟು ಕಾಲ ತೋಟ ಕೊಳ್ಳುವ ದಾರಿಯೇ ಮುಚ್ಚಿರುತ್ತದೆ. ಖಾಯಂ ಆಗಿ ವಾಪಸ್ ಬಂದು ನೆಲೆನಿಂತ ಮೇಲೆ ಕೊಳ್ಳಬೇಕು. ಅಷ್ಟರಲ್ಲಿ ಹೋಂಸ್ಟೇ, ರೆಸಾರ್ಟ್ ಮಾಡಲು ಬೆಂಗಳೂರಿನಿಂದ ಬಂದವರು ಹಾನಬಾಳು, ಹೆತ್ತೂರು ಕಡೆಯ ಎಕರೆಯ ಬೆಲೆಯನ್ನು ಎಲ್ಲಿಗೆ ಒಯ್ದಿರುತ್ತಾರೋ. ಈ ಕಾನೂನನ್ನು ತಿಳಿದುಕೊಳ್ಳದೆ ಹತ್ತು ವರ್ಷದ ಯೋಜನೆ ಹಾಕಿದ ಮನೆಗಳನ್ನು ನಾನು ಬಲ್ಲೆ.

ಇರುವ ತೋಟವೇ ಅಷ್ಟು ಕಾಲ ಹೇಗೆ ಉಳಿಯುತ್ತದೆ ಎಂದೂ ಕೇಳಬೇಕು. ಮಗ ವಿಡಿಯೋ ಕಾಲಿನಲ್ಲಿ ರೈಟರ್‌ಗೆ ಹೇಳಿ ತೋಟ ಮಾಡಿಸುತ್ತಾನೆ ಎನ್ನುತ್ತಾರೆ. ಹೂಮಳೆ ಬರಲಿಲ್ಲವೆಂದರೆ ಸ್ಪ್ರಿಂಕ್ಲರ್ ಹಾಕಬೇಕೋ, ಇನ್ನೆರಡು ದಿನ ಕಾಯಬೇಕೋ ಎಂಬ ತೀರ್ಮಾನ ಮೊಗ್ಗನ್ನು ಕೈಯಲ್ಲಿ ಮುಟ್ಟಿ ನೋಡಿದವನದು. ಕೊಯ್ಲಿಗೆ ಅಸ್ಸಾಮಿನಿಂದ ಬಂದ ಆಳುಗಳು ನಾಳೆ ಇರುತ್ತಾರೋ ಪಕ್ಕದ ತೋಟಕ್ಕೆ ಹೋಗುತ್ತಾರೋ ಎಂಬುದು ಸಂಜೆ ಲೈನಿನ ಕಡೆ ನಡೆದುಹೋದವನಿಗೆ ಗೊತ್ತಾಗುವ ವಿಷಯ. ಆನೆಯದಂತೂ ಹೇಳಬೇಕಿಲ್ಲ. ಹೈಕೋರ್ಟಿನ ಆದೇಶದ ಮೇಲೆ 2014ರಲ್ಲಿ ಈ ಭಾಗದಿಂದ 22 ಆನೆ ಹಿಡಿದು ಸಾಗಿಸಿದರೂ ಹಾವಳಿ ನಿಲ್ಲಲಿಲ್ಲ. ದಸರಾ ಅಂಬಾರಿ ಹೊತ್ತ ಅರ್ಜುನನಂಥ ಅರ್ಜುನನೇ 2023ರ ಡಿಸೆಂಬರಿನಲ್ಲಿ ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ಕಾಡಾನೆಯ ದಾಳಿಗೆ ಸತ್ತ ನೆಲ ಇದು. ಅರವತ್ತೈದರ ಅಪ್ಪ ಬೆಳಗಿನ ಮಂಜಿನಲ್ಲಿ ಒಬ್ಬನೇ ತೋಟ ಸುತ್ತಲು ಹೋಗುವುದನ್ನು ದಿರ್ಹಮ್ ತಡೆಯುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವುದು ಇನ್ನೊಂದು. ಭಾರತದ ಪೈಲಟ್‌ಗಳಲ್ಲಿ ಹೆಣ್ಣುಮಕ್ಕಳ ಪಾಲು ಸುಮಾರು ಶೇ 15, ಜಗತ್ತಿನ ಸರಾಸರಿಯ ಎರಡರಷ್ಟಕ್ಕೂ ಮೇಲೆ. ನಮ್ಮ ಸೀಮೆಯ ಹುಡುಗಿಯರಿಗೂ ಈ ಆಸೆ ಇದೆ. ಅಂಥ ಒಬ್ಬ ಹುಡುಗಿಗೆ ಹೊರದೇಶದ ಕರೆ ಬಂದಿತೆನ್ನಿ. ಅದೇ ಹಿರಿಯರು ಏನು ಕೇಳುತ್ತಾರೆ? ರಾತ್ರಿ ಡ್ಯೂಟಿ ಎಷ್ಟು, ಮಗುವನ್ನು ನೋಡಿಕೊಳ್ಳುವವರು ಯಾರು, ಗಂಡನ ಕೆಲಸ ಏನಾಗುತ್ತದೆ, ಅತ್ತೆ ಮಾವನಿಗೆ ಹುಷಾರಿಲ್ಲದಿದ್ದರೆ ಎಷ್ಟು ಹೊತ್ತಿನಲ್ಲಿ ಬರಬಹುದು, ಕೆಲಸ ಹೋದರೆ ಮುಂದೇನು? ಒಂದೊಂದೂ ಸರಿಯಾದ ಪ್ರಶ್ನೆ. ರೋಸ್ಟರ್ ಬಗ್ಗೆ, ಬದುಕಿನ ಬಗ್ಗೆ ಕೇಳಬೇಕಾದ್ದೆಲ್ಲ ಅದರಲ್ಲಿದೆ. ಅಂದರೆ ನಮ್ಮವರಿಗೆ ಈ ಲೆಕ್ಕ ಬರುವುದಿಲ್ಲ ಎಂದಲ್ಲ, ಚೆನ್ನಾಗಿಯೇ ಬರುತ್ತದೆ. ಮಗಳ ದಾರಿಗೆ ಅಡ್ಡ ಹಾಕಲು ಅದನ್ನು ತೆಗೆಯುತ್ತಾರೆ, ಮಗನ ವಿಷಯ ಬಂದಾಗ ಮಡಿಸಿ ಒಳಗಿಡುತ್ತಾರೆ. ಮಗ ಗೈರಾದರೆ ಯಾರಿಗೂ ನಷ್ಟವಿಲ್ಲ, ಅವನ ಜಾಗದಲ್ಲಿ ಸೊಸೆ ಇದ್ದಾಳಲ್ಲ ಎಂಬುದು ಇದರ ಒಳಗುಟ್ಟು. ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಗಂಡನ ವೀಸಾದ ಮೇಲೆ ಹೋಗಿ, ತಿಂಗಳ ಅರ್ಧದಷ್ಟು ದಿನ ಒಬ್ಬಳೇ ಮನೆ ನಡೆಸುವ ಆ ಹುಡುಗಿಯ ಸಂಬಳ, ಅವಳ ಮುಂದಿನ ಏಳಿಗೆ, ಬೀಗರೂಟದಲ್ಲಿ ಕೂಗಿ ಹೇಳುವ ಆ ಅಂಕಿಯಿಂದ ಕಳೆಯಬೇಕಾದ್ದು. ಯಾರು ಕಳೆದಿದ್ದಾರೆ?

ಹೋಗುವವರು ಹೋಗಲಿ. ದೊಡ್ಡ ವಿಮಾನ ಹಾರಿಸುವ ಆಸೆ, ಬೇರೆ ನಾಡು ನೋಡುವ ಹಂಬಲ, ಸಾಲ ತೀರಿಸುವ ಒತ್ತಡ, ಎಲ್ಲವೂ ನ್ಯಾಯವಾದ ಕಾರಣಗಳೇ. ಇಂತಿಷ್ಟು ದಿನ ಡ್ಯೂಟಿ, ಇಂತಿಷ್ಟು ದಿನ ಊರು ಎಂದು ಗೊತ್ತುಮಾಡಿ ಕರಾರು ಮಾಡಿಕೊಳ್ಳುವ ಕಂಪನಿಗಳೂ ಜಗತ್ತಿನಲ್ಲಿವೆ. ಅಲ್ಲಿ ಸಂಬಳ ಕೊಂಚ ಕಡಿಮೆಯಾದರೂ ಅಂಥದನ್ನು ಆರಿಸಿಕೊಂಡವನು ದಡ್ಡನಲ್ಲ. ಆದರೆ ಸಹಿ ಹಾಕುವ ಮುಂಚೆ ಆ ಕಂಪನಿಯಲ್ಲಿ ಈಗ ಹಾರಿಸುತ್ತಿರುವ ಒಬ್ಬನ ಕಳೆದ ಮೂರು ತಿಂಗಳ ರೋಸ್ಟರ್ ತರಿಸಿಕೊಂಡು ಗಂಡ ಹೆಂಡತಿ ಇಬ್ಬರೂ ಕೂತು ಓದಬೇಕು. ವರ್ಷದ ರಜೆಯನ್ನು ಕೇಳಿದ ತಿಂಗಳಲ್ಲಿ ಕೊಡುತ್ತಾರೋ, ಅವರು ಕೊಟ್ಟ ತಿಂಗಳಲ್ಲಿ ತೆಗೆದುಕೊಳ್ಳಬೇಕೋ ಎಂದು ಬರಹದಲ್ಲಿ ಕೇಳಬೇಕು. ವೈದ್ಯಕೀಯ ಪರೀಕ್ಷೆಯಲ್ಲಿ ಒಮ್ಮೆ ಫೇಲಾದರೆ ಎಷ್ಟು ತಿಂಗಳ ಸಂಬಳ, ವಿಮೆ ಯಾರದು, ತರಬೇತಿಯ ಬಾಂಡ್ ಮುರಿದರೆ ಎಷ್ಟು ಕಟ್ಟಬೇಕು, ತೆಗೆದುಹಾಕಿದರೆ ಮನೆ ಖಾಲಿಮಾಡಲು ಎಷ್ಟು ದಿನ ಎಂಬುದು ಕರಾರಿನಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಬೇಕು. "ಹೋದ ಮೇಲೆ ಗೊತ್ತಾಗುತ್ತೆ ಬಿಡಿ" ಎನ್ನುವ ಏಜೆಂಟನ ಮಾತಿಗೆ ಮಣೆ ಹಾಕುವ ಅಗತ್ಯವಿಲ್ಲ. ಇಲ್ಲಿನ ಕಂಪನಿ ಬಿಡಲು ಕ್ಯಾಪ್ಟನ್‌ಗೆ ಒಂದು ವರ್ಷ, ಫಸ್ಟ್ ಆಫೀಸರ್‌ಗೆ ಆರು ತಿಂಗಳ ನೋಟಿಸ್ ಎಂದು ಡಿಜಿಸಿಎ 2017ರಲ್ಲೇ ನಿಯಮ ಮಾಡಿದೆ. ಇದನ್ನೆಲ್ಲ ವಿಚಾರಿಸಲು ವಾರ ಸಾಕು, ತಡವಾಯಿತು ಎಂಬ ನೆಪ ಯಾರಿಗೂ ಇಲ್ಲ. ರಾಜೀನಾಮೆ ಪತ್ರ ಅದಾದ ಮೇಲೆ ಬರೆಯಲಿ.